ಬಚ್ಚಲ ಕಿಟಕಿಯ ಕೆಳಗಿನ ಜರಿಗಿಡ

ಅಮ್ಮ ತೀರಿಕೊಂಡ ವರ್ಷದ ಮಳೆಗಾಲದಲ್ಲಿ ನಮ್ಮ ಬಚ್ಚಲ ಕಿಟಕಿಯ ಕೆಳಗೆ, ಬಿಲ್ಡಿಂಗಿನ ಹಿಂಬದಿಯ ಗೋಡೆಯ ಮೇಲೆ ಹಸಿರಾಗಿ ಏನೋ ಕಾಣಿಸಿಕೊಂಡಿತು. ಅದು ಅಮ್ಮನ ಗಿಡದ ಮರಿ ಎಂದು ಅಪ್ಪ ಹೇಳಿದರು. ನಾನು ಅಲ್ಲ ಎನ್ನಲಿಲ್ಲ. ಹೌದು ಎನ್ನುವುದಕ್ಕೆ ಆಧಾರ ಏನು ಎಂದು ಕೇಳಿದೆ. ನಮ್ಮ ಮನೆಯಲ್ಲಿ ಇವೆರಡೂ ಒಂದೇ ಎಂದು ಲೆಕ್ಕ.

ಅಪ್ಪನ ಮಟ್ಟಿಗೆ ನನ್ನದು ಹುಟ್ಟುಗುಣ. ವಾಸ್ತವವಾಗಿ ಅದು ಕಲಿತದ್ದು. ವಿಲೆ ಪಾರ್ಲೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ ನಾನು ಡಿಬೇಟ್ ತಂಡದಲ್ಲಿದ್ದೆ. ಯಾವ ಪಕ್ಷ ಕೊಟ್ಟರೂ ಅದರ ಪರ ನಿಂತು ಮಾತನಾಡಬೇಕು, ಎದುರಿನವರು ಹೇಳಿದ್ದರಲ್ಲಿ ಎಲ್ಲಿ ಸಡಿಲ ಇದೆಯೋ ಅಲ್ಲಿಗೆ ಬೆರಳು ಹಾಕಬೇಕು. ಅಮ್ಮ ಇದನ್ನು ‘ಸೊಪ್ಪು ಬಿಡಿಸುವುದು’ ಎನ್ನುತ್ತಿದ್ದರು. ಒಂದು ಮಾತು ಆಡಿದರೆ ಇವಳು ಅದರ ಎಲೆ ಬೇರೆ, ದಂಟು ಬೇರೆ ಮಾಡಿ ಇಡುತ್ತಾಳೆ, ಕೊನೆಗೆ ಮಾತೇ ಉಳಿಯುವುದಿಲ್ಲ ಎಂದು.

ಅಮ್ಮನ ಗಿಡ ಒಂದು ಜರಿ. ಕಡ್ಡಿಗಳು ಕಪ್ಪಗೆ, ತಂತಿಯ ಹಾಗೆ ಹೊಳಪಾಗಿರುತ್ತಿದ್ದವು. ಅವುಗಳ ತುದಿಯಲ್ಲಿ ತೆಳ್ಳಗಿನ ಬೀಸಣಿಗೆಯಂಥ ಎಲೆಗಳು. ದೂರದಿಂದ ನೋಡಿದವರು ಕುಂಡದಲ್ಲಿ ಕೊತ್ತಂಬರಿ ಹಾಕಿದ್ದೀರಾ ಎಂದು ಕೇಳುತ್ತಿದ್ದರು. ಹಾಗಾಗಿ ಅಮ್ಮ ಅದನ್ನು ಕೊತ್ತಂಬರಿ ಜರಿ ಎಂದು ಕರೆದರು. ಆಂಟಾಪ್ ಹಿಲ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಒಗ್ಗಿದ ಜಾಗ ಒಂದೇ, ಬಚ್ಚಲ ಕಿಟಕಿ. ಬೆಳಕು ಇತ್ತು, ಬಿಸಿಲು ಇರಲಿಲ್ಲ. ಸ್ನಾನದ ಬಿಸಿನೀರಿನ ಹಬೆ ದಿನಾ ಸಿಗುತ್ತಿತ್ತು. ಅಕ್ಕಿ ತೊಳೆದ ನೀರನ್ನು ಅಮ್ಮ ಅದಕ್ಕೇ ಎತ್ತಿಡುತ್ತಿದ್ದರು. ಹೂವಿಲ್ಲದ, ಹಣ್ಣಿಲ್ಲದ, ದೇವರಿಗೂ ಏರದ, ಒಗ್ಗರಣೆಗೂ ಬಾರದ ಗಿಡಕ್ಕೆ ಇಷ್ಟು ಉಪಚಾರ ಯಾಕೆ ಎಂದು ನಾನು ಕೇಳಿದ್ದುಂಟು. ‘ಎಲ್ಲದಕ್ಕೂ ಕೆಲಸ ಇರಬೇಕು ಅಂತ ಎಲ್ಲಿ ಬರೆದಿದೆ, ತೋರಿಸು’ ಎಂದಿದ್ದರು. ಆ ವಾದದಲ್ಲಿ ನಾನು ಸೋತೆ.

ಆಸ್ಪತ್ರೆಯ ಓಡಾಟದ ದಿನಗಳಲ್ಲಿ ಗಿಡದ ಕಡೆ ಯಾರೂ ನೋಡಲಿಲ್ಲ. ಅಮ್ಮ ಹೋದ ಮೇಲೆ ಸೂತಕ, ಊರಿನಿಂದ ಬಂದವರ ಗದ್ದಲ, ಆಮೇಲೆ ಬೇಸಿಗೆ. ಏಪ್ರಿಲ್ ಹೊತ್ತಿಗೆ ಎಲೆಗಳು ಕೈ ತಾಗಿದರೆ ಪುಡಿಯಾಗುತ್ತಿದ್ದವು. ನಾನು ಮಣ್ಣು ಕೆದಕಿ ನೋಡಿದೆ. ನೆಲದೊಳಗಿನ ಕಾಂಡ ಒಣಗಿ ಟೊಳ್ಳಾಗಿತ್ತು. ಸತ್ತಿದೆ ಎಂದು ಅಪ್ಪನಿಗೆ ಹೇಳಿದೆ. ಅವರು ತಲೆಯಾಡಿಸಿದರು, ಮರುದಿನ ಬೆಳಿಗ್ಗೆ ಕುಂಡಕ್ಕೆ ನೀರು ಹಾಕಿದರು. ಅದರ ಮರುದಿನವೂ ಹಾಕಿದರು.

ಆದ್ದರಿಂದ ಗೋಡೆಯ ಮೇಲಿನ ಹಸಿರು ಅಮ್ಮನ ಗಿಡದ್ದೋ ಅಲ್ಲವೋ ಎನ್ನುವುದು ಅಪ್ಪನಿಗೆ ಸಣ್ಣ ಪ್ರಶ್ನೆಯಾಗಿರಲಿಲ್ಲ. ಅಮ್ಮ ಕೈಯಾರೆ ಸಾಕಿದ್ದರಲ್ಲಿ ಜೀವ ಇರುವಂಥದ್ದು ಏನಾದರೂ ಉಳಿದಿದೆಯೋ ಇಲ್ಲವೋ ಎಂಬುದೇ ಅವರ ಪ್ರಶ್ನೆ. ನನ್ನ ಹೆಸರನ್ನೂ ಆ ಪಟ್ಟಿಗೆ ಸೇರಿಸಬಹುದು ಎಂದು ನಾನು ತಮಾಷೆಗೆ ಹೇಳಿದೆ. ‘ನಿನಗೆ ನೀರು ಹಾಕಬೇಕಾಗಿಲ್ಲ’ ಎಂದರು ಅಪ್ಪ.

ನಾನು ಕಿಟಕಿಯ ಜಾಲರಿಯ ಎಡೆಯಿಂದ ಕೈ ಚಾಚಿ, ದೋಸೆ ಮಗುಚುವ ಸಟ್ಟುಗದಿಂದ ಒಂದಿಷ್ಟು ಹಸಿರನ್ನು ಕೆರೆದು ತೆಗೆದೆ. ಕಾಲೇಜಿನ ಕಾಲದ ಲೆನ್ಸು ಇನ್ನೂ ನನ್ನ ಬಳಿ ಇತ್ತು. ಪಾಚಿ ಇರಬಹುದು ಎಂದುಕೊಂಡಿದ್ದೆ. ಅಲ್ಲ. ಕಿರುಬೆರಳಿನ ಉಗುರಿಗಿಂತ ಚಿಕ್ಕ ಹಾಳೆಗಳು, ನಡುವೆ ಕಚ್ಚು ಬಿದ್ದು ಅರಳಿ ಎಲೆಯ ಆಕಾರ ತಾಳಿದ್ದವು, ನರಗಳಿಲ್ಲ, ಆಚೆಗಿನ ಬೆಳಕು ಕಾಣುವಷ್ಟು ತೆಳು.

‘ಜರಿಯೇ’ ಎಂದೆ. ‘ಯಾವ ಜರಿ ಅಂತ ಹೇಳಲಿಕ್ಕಾಗುವುದಿಲ್ಲ.’

‘ಇದೆಂತ ಜರಿ ಮಾರಾಯ್ತಿ. ಕಡ್ಡಿ ಇಲ್ಲ, ಗರಿ ಇಲ್ಲ.’

ಜರಿಗಿಡಕ್ಕೆ ಎರಡು ಬಾಳು ಇದೆ ಎಂದು ನಾನು ವಿವರಿಸಿದೆ. ನಾವು ಕುಂಡದಲ್ಲಿ ಇಡುವುದು ಒಂದು. ಅದರ ಎಲೆಯಡಿಯಿಂದ ಧೂಳಿನಂಥ ಬೀಜಕಗಳು ಉದುರುತ್ತವೆ. ಅವು ಬೀಜ ಅಲ್ಲ, ಅವುಗಳೊಳಗೆ ಪುಟ್ಟ ಗಿಡ ಇರುವುದಿಲ್ಲ. ಒದ್ದೆ ಜಾಗಕ್ಕೆ ಬಿದ್ದ ಬೀಜಕ ಈ ತೆಳು ಹಾಳೆಯಾಗುತ್ತದೆ. ಇದು ತಾಯಿಯ ಹಾಗೂ ಇರುವುದಿಲ್ಲ, ಮಗುವಿನ ಹಾಗೂ ಇರುವುದಿಲ್ಲ, ತನ್ನ ಪಾಡಿಗೆ ತಾನು ಬೇರೆಯೇ ಆಗಿ ಬದುಕುತ್ತದೆ. ಗಂಡು, ಹೆಣ್ಣು ಎಂಬುದು ನಡೆಯುವುದು ಇದರ ಮೇಲೆ. ಗಂಡು ಕಣ ಈಜಿಕೊಂಡು ಹೆಣ್ಣಿನ ಕಡೆ ಹೋಗಬೇಕು, ಅದಕ್ಕೆ ನೀರಿನ ಒಂದು ಪದರ ಬೇಕೇಬೇಕು. ಆಮೇಲೆ ಈ ಹಾಳೆಯ ಅಡಿಯಿಂದ ನಮಗೆ ಪರಿಚಯದ ಜರಿ ಹುಟ್ಟುತ್ತದೆ, ಹಾಳೆ ಕರಗಿ ಹೋಗುತ್ತದೆ.

ಅಪ್ಪ ತಾವೂ ಲೆನ್ಸಿನಲ್ಲಿ ಇಣುಕಿ ನೋಡಿದರು. ‘ಅಂದರೆ ಈಗ ನಡುವಿನದ್ದು ನಡೀತಾ ಉಂಟು.’

‘ಹೌದು. ಯಾರ ನಡುವಿನದ್ದು ಅಂತ ಗೊತ್ತಿಲ್ಲ.’

ಇಲ್ಲಿ ನನ್ನ ಆಕ್ಷೇಪ ಗಟ್ಟಿಯಾಗಿತ್ತು. ಬೀಜಕ ಗಾಳಿಯಲ್ಲಿ ಎಷ್ಟು ದೂರವಾದರೂ ಹೋಗುತ್ತದೆ. ಮುಂಬೈಯಲ್ಲಿ ಮಳೆ ಬಿದ್ದರೆ ಹಳೆಯ ಗೋಡೆ ಇರುವಲ್ಲೆಲ್ಲ ಜರಿ ಹುಟ್ಟುತ್ತದೆ. ಅದರಲ್ಲೂ ಅಮ್ಮನ ಗಿಡ ಸೇರಿದ ಕುಟುಂಬ ದೊಡ್ಡದು, ಭೂಮಿಯ ತುಂಬ ಹರಡಿಕೊಂಡಿದೆ, ಅದರ ಮಂದಿಗೆ ಒಂದೇ ರೀತಿಯ ಜಾಗ ಬೇಕು ಎಂದೇನೂ ಇಲ್ಲ. ಡ್ರೈನೇಜ್ ಪೈಪಿನ ಪಕ್ಕ, ಸುಣ್ಣದ ಗಾರೆ ಬಿರುಕು ಬಿಟ್ಟಲ್ಲಿ ಉದ್ದುದ್ದ ಗರಿ ಚಾಚುವ ಗೋಡೆಜರಿ ಅದೇ ಕುಟುಂಬ. ಎಲೆಯ ಬೆನ್ನಿಗೆ ಬಿಳಿ ಪುಡಿ ಬಳಿದುಕೊಂಡಿರುತ್ತದಲ್ಲ, ಮಕ್ಕಳು ಮುಂಗೈಗೆ ಒತ್ತಿ ಅಚ್ಚು ಮೂಡಿಸಿಕೊಳ್ಳುವ ಜರಿ, ಅದೂ ಅದೇ. ಬಂಡೆಯ ಮೇಲೆ ಬೇಸಿಗೆಯಿಡೀ ಸುರುಟಿ ಸತ್ತಂತೆ ಬಿದ್ದಿದ್ದು ಮೊದಲ ಮಳೆಗೆ ಬಿಚ್ಚಿಕೊಳ್ಳುವಂಥವೂ ಇವೆ. ಸಮುದ್ರ ಒಳನುಗ್ಗುವ ಖಾಡಿಯ ಕೆಸರಿನಲ್ಲಿ, ಉಪ್ಪುನೀರಿನಲ್ಲಿ ಕಾಲಿಟ್ಟುಕೊಂಡು ಕಾಂಡ್ಲಾ ಎಂಬ ಮ್ಯಾಂಗ್ರೋವ್ ಗಿಡಗಳ ನಡುವೆ ಆಳೆತ್ತರ ನಿಲ್ಲುವ ಜರಿಯೂ ಇದರದೇ ದಾಯಾದಿ. ಉಪ್ಪು ತಿಂದು ಬದುಕುವ ಜರಿ ಎಂದರೆ ನನ್ನ ತರಗತಿಯಲ್ಲಿ ಯಾರೂ ನಂಬಿರಲಿಲ್ಲ. ಪರೀಕ್ಷೆಯಲ್ಲಿ ಬರುತ್ತದೆ ಎಂದ ಮೇಲೆ ನಂಬಿದರು.

‘ಹಾಗಾದರೆ ಎಲ್ಲ ಸಂಬಂಧಿಕರೇ’ ಎಂದರು ಅಪ್ಪ.

‘ಸಂಬಂಧ ಇದೆ. ಸಂತಾನ ಬೇರೆ.’

‘ನೀನು ವಕೀಲಿಕೆ ಓದಬೇಕಿತ್ತು.’

ಅಪ್ಪ ಮಲಾಡಿನಲ್ಲಿ ಊರಿನವರೇ ನಡೆಸುವ ಹೋಟೆಲೊಂದರಲ್ಲಿ ಸಾಮಾನು, ತರಕಾರಿಯ ಉಸ್ತುವಾರಿ ನೋಡುತ್ತಾರೆ. ಬೆಳಿಗ್ಗೆ ಸೊಪ್ಪಿನ ಮೂಟೆ ಬಂದ ಕೂಡಲೇ ಅವರು ಮಾಡುವ ಮೊದಲ ಕೆಲಸ ಎಲೆ ಮಗುಚುವುದು. ಪಾಲಕ್ ಇರಲಿ, ಕರಿಬೇವು ಇರಲಿ, ಮೇಲ್ಮುಖ ನೋಡುವುದೇ ಇಲ್ಲ. ಮೇಲೆ ಚಂದ ಕಾಣಿಸಲಿಕ್ಕೆ ಮಾರುವವನು ನೀರು ಚಿಮುಕಿಸಿರುತ್ತಾನೆ, ಹುಳ ಮೊಟ್ಟೆ ಇಡುವುದು ಎಲೆಯ ಕೆಳಬದಿಗೆ ಎನ್ನುತ್ತಾರೆ. ಅಡಿಯಲ್ಲಿ ಚುಕ್ಕೆ ಕಂಡರೆ ಆ ಕಟ್ಟು ಹೊರಗೆ.

ಆಗಸ್ಟಿನ ಒಂದು ಮಧ್ಯಾಹ್ನ ನನಗೂ ಮಲಾಡಿನ ಆಫೀಸಿನಲ್ಲಿ ಕೆಲಸ ಇತ್ತು. ಮನೆಗೆ ವಾಪಸಾಗಲು ಇಬ್ಬರೂ ಸ್ಟೇಷನ್ನಿಗೆ ಬಂದೆವು. ಮಳೆಗೆ ಲೋಕಲ್ ತಡವಾಗಿತ್ತು. ಪ್ಲಾಟ್‌ಫಾರ್ಮಿನ ತುದಿಯ ಹಳೆಯ ಗೋಡೆಯಲ್ಲಿ ಗೋಡೆಜರಿ ಸೊಂಪಾಗಿ ಬೆಳೆದಿತ್ತು. ನಾನು ತೋರಿಸಿದೆ. ಅಪ್ಪ ಹತ್ತಿರ ಹೋಗಿ ಅಭ್ಯಾಸಬಲದಿಂದ ಒಂದು ಗರಿಯನ್ನು ಮಗುಚಿದರು. ಎಲೆಯ ಎರಡೂ ಅಂಚಿಗೆ ಕಂದು ಬಣ್ಣದ ಗೆರೆ, ಸೀರೆಗೆ ಹೊಲಿದ ಫಾಲ್‌ನ ಹಾಗೆ ಅಂಚು ಒಳಕ್ಕೆ ಮಡಚಿಕೊಂಡಿತ್ತು.

‘ಇದಕ್ಕೂ ಅದೇ ರೋಗ’ ಎಂದರು.

‘ಯಾವ ರೋಗ?’

‘ಅಮ್ಮನ ಗಿಡಕ್ಕೆ ಬರ್ತಿತ್ತಲ್ಲ, ಎಲೆಯ ಅಡಿ ಅಂಚಿಗೆ ಕಂದು ಪಟ್ಟಿ. ಹುಳದ ಮೊಟ್ಟೆ. ನಾನು ವಾರಕ್ಕೊಮ್ಮೆ ನೋಡಿ ಅಂಥದ್ದೆಲ್ಲ ಕತ್ತರಿಸಿ ತೆಗೀತಿದ್ದೆ. ಅವಳು ಬೈತಿದ್ದಳು, ಬೋಳು ಮಾಡಿದ್ರಿ ಅಂತ.’

ನನಗೆ ಇದು ಗೊತ್ತೇ ಇರಲಿಲ್ಲ. ‘ಅದು ರೋಗ ಅಲ್ಲ ಅಪ್ಪ. ಬೀಜಕ ಇರುವುದೇ ಅಲ್ಲಿ. ಈ ಕುಟುಂಬದವು ಬಹಳಷ್ಟು ಎಲೆಯ ಅಂಚನ್ನೇ ಮಡಚಿ ಅದರೊಳಗೆ ಇಟ್ಟುಕೊಳ್ಳುತ್ತವೆ.’

ಅಪ್ಪ ಗರಿಯನ್ನು ಬಿಡಲಿಲ್ಲ. ನಾನು ಹೇಳಬಾರದಿತ್ತೇನೋ ಎಂದುಕೊಂಡೆ. ಹೆಂಡತಿಯ ಗಿಡ ಮಕ್ಕಳು ಮಾಡಲು ಹೊರಟಾಗಲೆಲ್ಲ ಕತ್ತರಿ ಹಿಡಿದವನು ನಾನು ಎಂದು ಅವರು ಕೊರಗುತ್ತಾರೆ ಎಂಬ ಹೆದರಿಕೆ ನನಗೆ. ಅವರು ಬೇರೆಯೇ ದಾರಿ ಹಿಡಿದರು.

‘ಕತ್ತರಿಸಿದ್ದನ್ನು ನಾನು ಎಲ್ಲಿ ಹಾಕ್ತಿದ್ದೆ ಗೊತ್ತುಂಟಾ? ಕಿಟಕಿಯಿಂದ ಹೊರಗೆ. ಕೆಳಮನೆಯ ಕಿಟಕಿಗೆ ಮಳೆ ತಡೆಯುವ ಛಜ್ಜಾದ ಮೇಲೆ.’

ಹಸಿರು ಬಂದಿದ್ದು ಸರಿಯಾಗಿ ಅಲ್ಲೇ, ಛಜ್ಜಾ ಗೋಡೆಗೆ ಸೇರುವ ಮೂಲೆಯಲ್ಲಿ. ಇದುವರೆಗೆ ಅಪ್ಪನದು ಬರೀ ಆಸೆ, ಈಗ ಅದಕ್ಕೊಂದು ಸಾಕ್ಷ್ಯ ಸಿಕ್ಕಿತ್ತು. ಹೋಟೆಲಿನವನ ಕಣ್ಣು ರೋಗ ಎಂದು ತಿಳಿದು, ಬಿತ್ತನೆಗೆ ಸಿದ್ಧವಾದ ಎಲೆಗಳನ್ನೇ ಆರಿಸಿ ಆರಿಸಿ ಒದ್ದೆ ಗೋಡೆಯ ಬುಡಕ್ಕೆ ಎಸೆದಿತ್ತು. ಬೇಕೆಂದೇ ಬಿತ್ತಿದವರೂ ಇಷ್ಟು ಚೆನ್ನಾಗಿ ಬಿತ್ತುವುದಿಲ್ಲ.

‘ಸಾಧ್ಯತೆ ಹೆಚ್ಚಾಯಿತು’ ಎಂದೆ. ‘ಅಷ್ಟೇ.’

‘ಹೆಚ್ಚಾಯಿತಲ್ಲ’ ಎಂದರು ಅಪ್ಪ. ಲೋಕಲ್ ಬಂತು. ದಾದರ್ ಬರುವವರೆಗೆ ಅವರ ಮುಖ ಸಡಿಲವಾಗಿತ್ತು. ಅಮ್ಮ ಹೋದ ಮೇಲೆ ಅವರ ಮುಖ ಹಾಗೆ ಇದ್ದದ್ದನ್ನು ನಾನು ನೋಡಿರಲಿಲ್ಲ.

ಗಣಪತಿ ವಿಸರ್ಜನೆ ಮುಗಿಯುತ್ತಿದ್ದಂತೆ ನಮ್ಮ ಬಿಲ್ಡಿಂಗಿನ ಸೊಸೈಟಿಯ ನೋಟಿಸ್ ಬಂತು. ಹಿಂಬದಿಯ ಗೋಡೆ ಕೆರೆದು, ಹೊಸ ಪ್ಲಾಸ್ಟರ್ ಹಾಕಿ, ಬಣ್ಣ ಬಳಿಯುವುದು. ದೂರು ಕೊಟ್ಟವರು ಕೆಳಮನೆಯ ಆಂಟಿ, ಮೈಸೂರಿನ ಕಡೆಯವರು, ಅಮ್ಮನಿಗೆ ಬೇಕಾದವರು. ಅವರ ಮಲಗುವ ಕೋಣೆಯ ಗೋಡೆಗೆ ಬೂಷ್ಟು ಹಿಡಿದಿತ್ತು. ಅಪ್ಪ ನನ್ನನ್ನು ಕರೆದು ಕೂರಿಸಿದರು. ಅವರು ನನ್ನಲ್ಲಿ ಏನನ್ನಾದರೂ ಕೇಳುವುದು ಅಪರೂಪ.

‘ಮೀಟಿಂಗಿನಲ್ಲಿ ನೀನು ಮಾತಾಡಬೇಕು. ಆ ಮೂಲೆ ಒಂದನ್ನು ಸ್ವಲ್ಪ ದಿನ ಬಿಡಲಿ. ಯಾವುದು ಅಂತ ಗೊತ್ತಾಗುವವರೆಗೆ.’

‘ಅದು ಅಮ್ಮನದು ಅಂತ ನಾನು ನಂಬುವುದಿಲ್ಲ.’

‘ನೀನು ನಂಬದ ಪಕ್ಷದ ಪರವಾಗಿ ಮಾತಾಡಿಯೇ ಅಲ್ವಾ ಡಿಬೇಟಿನಲ್ಲಿ ಕಪ್ ಗೆದ್ದು ತಂದದ್ದು?’

ಮೀಟಿಂಗ್ ಯಾವ ದಿನ ಎಂದು ನೋಟಿಸ್ ತೆಗೆದು ನೋಡಿದೆ.

ಮೀಟಿಂಗ್ ನಡೆದದ್ದು ಕೆಳಗೆ, ಪಾರ್ಕಿಂಗಿನಲ್ಲಿ. ಗಣಪತಿ ಮಂಟಪದ ಬಿದಿರು ಇನ್ನೂ ಗೋಡೆಗೆ ಒರಗಿತ್ತು. ಅಮ್ಮನ ವಿಷಯ ಎತ್ತುವುದಿಲ್ಲ ಎಂದು ನಾನು ಮೊದಲೇ ತೀರ್ಮಾನಿಸಿದ್ದೆ. ಕಣ್ಣೀರು ತೋರಿಸಿ ಗೆಲ್ಲುವುದು ಗೆಲುವಲ್ಲ. ಸೆಕ್ರೆಟರಿ ಮರಾಠಿಯವರು, ಮಾತು ಹಿಂದಿಯಲ್ಲಿ ಶುರುವಾಯಿತು. ಗೋಡೆ ಒಡೆಯುವುದು ಅರಳಿ, ಆಲ. ಅವುಗಳ ಬೇರು ಇಟ್ಟಿಗೆಯನ್ನು ಸೀಳುತ್ತದೆ. ಜರಿಯ ಬೇರು ಕೂದಲಿನಷ್ಟು, ಅದು ಇರುವ ಬಿರುಕಿನಲ್ಲಿ ಕೂರುತ್ತದೆ, ಬಿರುಕು ಮಾಡುವುದಿಲ್ಲ ಎಂದೆ. ಕೆಲವರು ತಲೆಯಾಡಿಸಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಮುಂದುವರಿದೆ. ಜರಿ ತಾನಾಗಿ ತೇವ ತರುವುದಿಲ್ಲ. ತೇವ ಇದ್ದಲ್ಲಿ ಮಾತ್ರ ಬರುತ್ತದೆ. ಮಳೆ ಬಿಟ್ಟ ದಿನವೂ ಅಲ್ಲಿ ನೀರಿನ ಪದರ ಉಳಿದಿರಬೇಕು, ಇಲ್ಲದಿದ್ದರೆ ಅದಕ್ಕೆ ಸಂತಾನವೇ ಆಗುವುದಿಲ್ಲ ಎಂದೆ.

ಕೆಳಮನೆಯ ಆಂಟಿ ಕನ್ನಡದಲ್ಲಿ ಕೇಳಿದರು. ‘ಒಂದ್ನಿಮಿಷ ಕಣಮ್ಮ. ಮಳೆ ಇಲ್ದಿದ್ರೂ ಅಲ್ಲಿ ನೀರಿರತ್ತೆ ಅಂತ ನೀನೇ ಹೇಳ್ತಿದೀಯ.’

‘ಹೌದು ಆಂಟಿ.’

‘ಆ ನೀರು ಎಲ್ಲಿಂದ ಬರತ್ತೆ? ನಮ್ಮನೆ ನಲ್ಲಿ ನೀರು ಮೇಲಕ್ಕೆ ಹರಿಯಲ್ವಲ್ಲ.’

ಕನ್ನಡ ಬಲ್ಲವರು ನಕ್ಕರು. ಉಳಿದವರಿಗೆ ಯಾರೋ ಅನುವಾದ ಮಾಡಿ ಹೇಳಿದರು, ಅವರೂ ನಕ್ಕರು. ನಮ್ಮ ಬಚ್ಚಲ ಪೈಪು ಗೋಡೆಯೊಳಗೆ ಸೋರುತ್ತಿದೆ ಎಂಬುದನ್ನು ನಾನೇ ಸಾಬೀತು ಮಾಡಿ ತೋರಿಸಿದ್ದೆ, ಅದೂ ಶಾಸ್ತ್ರಾಧಾರದ ಸಮೇತ.

‘ಬೇಟಾ, ತೂನೇ ತೋ ಕೇಸ್ ಹೀ ಖತಂ ಕರ್ ದಿಯಾ’ ಎಂದರು ಸೆಕ್ರೆಟರಿ, ಕೇಸನ್ನು ನಾನೇ ಮುಗಿಸಿಬಿಟ್ಟೆ ಎಂದು. ಗೋಡೆಯ ಜೊತೆಗೆ ನಮ್ಮ ಪೈಪೂ ಬದಲಾಗಬೇಕು ಎಂದು ತೀರ್ಮಾನವಾಯಿತು. ಅಪ್ಪ ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ನಾನು ಆ ಕಡೆ ನೋಡಲಿಲ್ಲ.

ಆಮೇಲೆ ಸೆಕ್ರೆಟರಿ ಕ್ಯಾಲೆಂಡರ್ ತೆಗೆದರು. ಪಿತೃಪಕ್ಷ ಹಿಡಿದಿದೆ, ಈಗ ಹೊಸ ಕೆಲಸಕ್ಕೆ ಕೈ ಹಾಕುವುದು ಬೇಡ, ನವರಾತ್ರಿಗೆ ಕಳಶ ಇಟ್ಟ ಮೇಲೆ ನೋಡೋಣ ಎಂದರು. ಯಾರೂ ಎದುರಾಡಲಿಲ್ಲ. ಹಿಂದಿನ ವರ್ಷ ಲಿಫ್ಟ್ ದುರಸ್ತಿಯನ್ನು ಇದೇ ಕಾರಣಕ್ಕೆ ಮುಂದೂಡಿದಾಗ, ಸತ್ತವರಿಗೆ ಲಿಫ್ಟ್ ಬೇಕಾಗಿಲ್ಲ, ಬದುಕಿರುವವರಿಗೆ ಬೇಕು ಎಂದು ವಾದಿಸಿದವಳು ನಾನು. ಈ ಸಲ ಬಾಯಿ ಮುಚ್ಚಿಕೊಂಡು ಕೂತೆ.

ಮೆಟ್ಟಿಲು ಹತ್ತುವಾಗ ಅಪ್ಪ ಹೇಳಿದರು, ‘ನಿನ್ನ ವಾದಕ್ಕಿಂತ ಪಿತೃಪಕ್ಷ ಉಪಕಾರ ಮಾಡಿತು.’

‘ಅದು ವಾದ ಅಲ್ಲ.’

‘ಅದಕ್ಕೇ ಗೆದ್ದದ್ದು.’ ಸ್ವಲ್ಪ ನಿಂತು ಉಸಿರು ತೆಗೆದುಕೊಂಡರು. ‘ಅವಳಿಗೆ ಈ ಸಲ ಪಕ್ಷದಲ್ಲಿ ಶ್ರಾದ್ಧ ಮಾಡಲಿಕ್ಕಿಲ್ಲ. ವರ್ಷಾಂತಿಕ ಆಗಬೇಕು ಮೊದಲು. ಸುಮ್ಮನೆ ಕೂತುಕೊಳ್ಳುವುದು ಅಷ್ಟೇ.’

ಆ ದಿನಗಳಲ್ಲಿ ನಾವು ಮಾಡಿದ್ದೂ ಅದನ್ನೇ. ಹಾಳೆಗಳ ಅಡಿಯಿಂದ ಕೂದಲಿನಂಥ ಕಡ್ಡಿಗಳು ಎದ್ದವು, ತುದಿಗೆ ಒಂದೊಂದು ಎಲೆ. ಪುಟ್ಟ ಬೀಸಣಿಗೆ. ಅಪ್ಪ ಹೋಟೆಲಿಗೆ ಹೊರಡುವ ಮುಂಚೆ ನೋಡಿ ಬಂದು ನನ್ನನ್ನು ಎಬ್ಬಿಸಿದರು. ‘ಬಂದು ನೋಡು. ಕೊತ್ತಂಬರಿಯೇ.’

ಹೌದು, ಹಾಗೇ ಕಾಣುತ್ತಿತ್ತು. ಆದರೆ ಈ ಕುಟುಂಬದಲ್ಲಿ ಎಳೆತನದಲ್ಲಿ ಅನೇಕವು ಹಾಗೇ ಕಾಣುತ್ತವೆ. ಗೋಡೆಜರಿಯ ಮೊದಲ ಎಲೆಯೂ ಬೀಸಣಿಗೆಯೇ. ಯಾವ ಮಗು ಯಾರ ಮನೆಯದು ಎಂದು ತೊಟ್ಟಿಲಲ್ಲಿ ಹೇಳಲಾಗುವುದಿಲ್ಲ, ಇನ್ನೆರಡು ಮೂರು ಎಲೆ ಬರಲಿ ಎಂದೆ. ಅಪ್ಪ ಒಪ್ಪಿದರು, ಆದರೆ ಒಣಗಿದ ಕುಂಡದ ಮಣ್ಣನ್ನು ಅವತ್ತೇ ಬದಲಾಯಿಸಿದರು. ಹೋಟೆಲಿನಿಂದ ತೆಂಗಿನ ನಾರು ತಂದು ಪುಡಿ ಮಾಡಿ ಬೆರೆಸಿದರು. ಸೋರುವ ಪೈಪು ಬೇಗ ಸರಿಯಾಗಲಿ ಎಂದು ಆಂಟಿ ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದರೆ, ‘ಆಗಲಿ, ಆಗಲಿ, ಕಳಶ ಇಡಲಿ’ ಎನ್ನುತ್ತಿದ್ದರು. ಕೆಳಗೆ ಅವರ ಗೋಡೆ ಒದ್ದೆಯಾಗುತ್ತಲೇ ಇತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಪಕ್ಷ ಮುಗಿಯುವ ಹೊತ್ತಿಗೆ ಎಲೆ ಉದ್ದವಾಯಿತು. ಬೀಸಣಿಗೆ ಮತ್ತೊಂದು ಬೀಸಣಿಗೆಯಾಗಿ ಕವಲೊಡೆಯಲಿಲ್ಲ. ನಡುವೆ ಒಂದು ನೇರ ದಿಂಡು, ಎರಡೂ ಪಕ್ಕಕ್ಕೆ ಪಟ್ಟಿಯಂಥ ಎಳೆಗಳು. ಕಡ್ಡಿ ಕಪ್ಪಾಗಿರಲಿಲ್ಲ. ಹಸಿರು, ಬುಡದಲ್ಲಿ ಸಣ್ಣ ಕಂದು ಹೊಟ್ಟು. ನೀರು ಚಿಮುಕಿಸಿದೆ. ಅಮ್ಮನ ಗಿಡದ ಎಲೆಗೆ ನೀರು ಅಂಟುತ್ತಿರಲಿಲ್ಲ, ಮಣಿಯಾಗಿ ಉರುಳಿ ಹೋಗುತ್ತಿತ್ತು. ಇದರ ಮೇಲೆ ಹರಡಿ ನಿಂತಿತು. ಸಟ್ಟುಗದಿಂದ ಬೇರೆ ಬೇರೆ ಕಡೆಯಿಂದ ಕೆಲವು ತೆಗೆದು ನೋಡಿದೆ. ಎಲ್ಲವೂ ಒಂದೇ.

ಅಪ್ಪ ಕಾಫಿ ಕುಡಿಯುತ್ತಿದ್ದರು. ನನ್ನ ಕೈಯಲ್ಲಿ ಲೆನ್ಸು ನೋಡಿ ಲೋಟ ಕೆಳಗಿಟ್ಟರು.

‘ಎಂತ ಹೇಳ್ತದೆ?’

‘ಕೆಲವನ್ನು ಮಾತ್ರ ನೋಡಿದ್ದೇನೆ. ಪೂರ್ತಿ ಗೋಡೆ ನೋಡಿಲ್ಲ. ಹಾಗಾಗಿ ಸಂಪೂರ್ಣವಾಗಿ ಅಲ್ಲಗಳೆಯಲು—’

‘ವಾದ ಬೇಡ ಮಗಾ. ಅವಳದ್ದಾ, ಅಲ್ವಾ?’

‘ಅಲ್ಲ.’

ಅವರು ಉಳಿದ ಕಾಫಿಯನ್ನು ಕುಡಿದು ಮುಗಿಸಿದರು. ಆರಿ ಹೋಗಿತ್ತು, ಆದರೂ ಕುಡಿದರು.

‘ಯಾವುದು ಹಾಗಾದರೆ?’

‘ಸ್ಟೇಷನ್ನಿನ ಗೋಡೆಯಲ್ಲಿ ನೋಡಿದೆವಲ್ಲ, ಅದು.’

‘ಹ್ಞೂಂ. ಎಲ್ಲ ಕಡೆ ಬರ್ತದೆ ಅಂತ ನೀನು ಹೇಳಿದ್ದಿ.’ ಲೋಟವನ್ನು ತಿರುಗಿಸುತ್ತ ಕೂತರು. ‘ನಾನು ಹಾಕಿದ್ದು ಒಂದೂ ಹುಟ್ಟಲಿಲ್ಲ.’

ಬೀಜಕ ಕೋಟಿಗಟ್ಟಲೆ ಉದುರಿದರೂ ಹುಟ್ಟುವುದು ಬೆರಳೆಣಿಕೆಯಷ್ಟು, ಅದು ಯಾರ ತಪ್ಪೂ ಅಲ್ಲ, ಅಮ್ಮನ ಗಿಡಕ್ಕೆ ಆ ಗೋಡೆಯ ಸುಣ್ಣ ಒಗ್ಗದೇ ಇದ್ದಿರಬಹುದು ಎಂದೆಲ್ಲ ಹೇಳಲು ನನ್ನ ಬಳಿ ಇತ್ತು. ಎಲ್ಲವೂ ನಿಜವೇ. ಹೇಳಲಿಲ್ಲ.

‘ಒಂದು ಕೇಳ್ತೇನೆ’ ಎಂದರು ಅಪ್ಪ. ‘ನೀನು ದಿನಾ ನನಗಿಂತ ಮೊದಲೇ ಎದ್ದು ನೋಡಿ ಬಂದು ಮತ್ತೆ ಮಲಗ್ತಿದ್ದಿ. ಬಚ್ಚಲ ಬಾಗಿಲು ಕಿರುಗುಟ್ಟುವುದು ನನಗೆ ಕೇಳ್ತದೆ.’

‘ಪರೀಕ್ಷೆ ಮಾಡಲಿಕ್ಕೆ.’

‘ಪರೀಕ್ಷೆಗೆ ದಿನಾ ನೋಡಬೇಕಾ? ವಾರಕ್ಕೊಮ್ಮೆ ನೋಡಿದರೆ ಸಾಲದಾ?’

ಎದುರಿನವರು ಸರಿಯಾದ ಜಾಗಕ್ಕೆ ಬೆರಳು ಹಾಕಿದಾಗ ಹೇಗಿರುತ್ತದೆ ಎಂದು ನನಗೆ ಗೊತ್ತು. ‘ನನಗೂ ಅಮ್ಮನದೇ ಆಗಬೇಕಿತ್ತು’ ಎಂದೆ.

‘ಹೇಳಬಹುದಿತ್ತಲ್ಲ.’

‘ಹೇಳಿದ್ದರೆ ನಿಮ್ಮ ಆಸೆ ಇನ್ನೂ ಬೆಳೀತಿತ್ತು.’

‘ಬೆಳೀತಿತ್ತು’ ಎಂದು ಒಪ್ಪಿಕೊಂಡರು. ‘ಆದರೆ ಇಷ್ಟು ದಿನ ನಾನು ಒಬ್ಬನೇ ಕಾಯ್ತಾ ಇದ್ದೇನೆ ಅಂದುಕೊಂಡಿದ್ದೆ.’

ನಾವಿಬ್ಬರೂ ಅಳಲಿಲ್ಲ. ಅಪ್ಪ ಎದ್ದು ಲೋಟ ತೊಳೆದಿಟ್ಟು ಅಂಗಿ ಹಾಕಿಕೊಂಡರು. ಹೋಟೆಲಿಗೆ ಹೊರಡುತ್ತಿದ್ದಾರೆ ಎಂದುಕೊಂಡೆ. ಅವರು ಹೋದದ್ದು ಕೆಳಮನೆಗೆ. ಅವರು ಆಂಟಿಗೆ ಹೇಳುತ್ತಿದ್ದುದು ಮೆಟ್ಟಿಲ ಬುಡದಿಂದ ನನಗೆ ಕೇಳಿಸಿತು. ಗೋಡೆಯ ಕೆಲಸ ಯಾವಾಗ ಬೇಕಾದರೂ ಶುರು ಮಾಡಲಿ, ನಮ್ಮ ಪೈಪನ್ನು ಅಲ್ಲಿವರೆಗೆ ಕಾಯಿಸುವುದು ಬೇಡ, ಇವತ್ತೇ ಪ್ಲಂಬರ್‌ನನ್ನು ಕರೆಸುತ್ತೇನೆ. ಇಷ್ಟು ದಿನ ನಿಮಗೆ ತೊಂದರೆಯಾಯಿತು. ಆಂಟಿ ಏನೆಂದರೋ ಕೇಳಿಸಲಿಲ್ಲ. ಅಪ್ಪ ಮೇಲೆ ಬಂದು ಬಾಗಿಲಲ್ಲೇ ನಿಂತು, ಬಚ್ಚಲಿನ ಸಾಮಾನು ಹೊರಗೆ ತೆಗೆದಿಡು, ಟೈಲ್ಸ್ ಒಡೆಯುತ್ತಾರೆ, ಧೂಳಾಗುತ್ತದೆ ಎಂದರು. ನಾನು ಆಫೀಸಿಗೆ ತಡವಾಗಿ ಬರುತ್ತೇನೆ ಎಂದು ಫೋನ್ ಮಾಡಿ, ಬಕೆಟುಗಳನ್ನು ಒಂದೊಂದಾಗಿ ಹೊರಗೆ ತಂದೆ.